ಕುಂಚ ಉಳಿಸಿದ ಹೂ: ಐರಿಸ್‌ನ ಸಸ್ಯಚಿತ್ರ ಪರಂಪರೆ

ಮೆಡಿಟರೇನಿಯನ್ ತೀರದ ಕಲ್ಲುಗುಡ್ಡಗಳಿಂದ ಮೊದಲ್ಗೊಂಡು ಮಧ್ಯ ಏಷ್ಯಾದ ಒಣ ಬಯಲು, ಹಿಮಾಲಯದ ಇಳಿಜಾರು ಹಾಗೂ ಜಪಾನಿನ ಜೌಗುನೆಲಗಳವರೆಗೆ, ಉತ್ತರ ಗೋಳಾರ್ಧದ ತಂಪು ಪ್ರದೇಶಗಳಲ್ಲೆಲ್ಲ ಹಬ್ಬಿರುವ ಐರಿಸ್ ಕುಲದಲ್ಲಿ ಸುಮಾರು 300 ಪ್ರಭೇದಗಳಿವೆ. ಗ್ರೀಕ್ ಪುರಾಣದಲ್ಲಿ ಕಾಮನಬಿಲ್ಲಿನ ಅಧಿದೇವತೆಯಾದ ಐರಿಸಳ ಹೆಸರನ್ನು ಹೊತ್ತ ಈ ಹೂವು ನೀಲಿ, ನೇರಳೆ, ಹಳದಿ, ಬಿಳಿ, ಕಂದು ಹೀಗೆ ಹಲವು ಬಣ್ಣಗಳಲ್ಲಿ ಅರಳುತ್ತದೆ. ಸಸ್ಯಶಾಸ್ತ್ರದ ಚಿತ್ರಗ್ರಂಥಗಳ ಇತಿಹಾಸದಲ್ಲಿ ಗುಲಾಬಿ, ಲಿಲಿ, ಟ್ಯುಲಿಪ್‌ಗಳಿಗಿರುವಷ್ಟೇ ದೊಡ್ಡ ಸ್ಥಾನ ಇದಕ್ಕೂ ಇದೆ. ಚೆಲುವು ಆ ಸ್ಥಾನಕ್ಕೆ ಒಂದು ಕಾರಣವಾದರೆ, ಅದಕ್ಕಿಂತ ಗಟ್ಟಿಯಾದ ಇನ್ನೊಂದು ಕಾರಣ ಹೂವಿನ ರಚನೆಯಲ್ಲಿಯೇ ಅಡಗಿದೆ.

ಐರಿಸ್ ಹೂವಿನಲ್ಲಿ ಎಸಳುಗಳು ಆರು. ಹೊರಸುತ್ತಿನ ಮೂರು ಎಸಳುಗಳು ಹೊರಕ್ಕೆ ಬಾಗಿ ಇಳಿಬೀಳುತ್ತವೆ. ಇವುಗಳನ್ನು ಇಳಿಎಸಳು ಎನ್ನಬಹುದು. ಒಳಸುತ್ತಿನ ಮೂರು ಸಾಮಾನ್ಯವಾಗಿ ನೆಟ್ಟಗೆ ನಿಲ್ಲುತ್ತವೆ; ಇವು ನಿಲುಎಸಳು. ಇವೆರಡರ ನಡುವಿನಿಂದ ಎಸಳಿನಂತೆಯೇ ಅಗಲವಾದ, ಬಣ್ಣದಿಂದ ಕೂಡಿದ ಮತ್ತೆ ಮೂರು ಅಂಗಗಳು ಹೊರಚಾಚಿರುತ್ತವೆ. ನೋಡುವವರು ಎಸಳೆಂದೇ ಎಣಿಸುವ ಈ ಮೂರು, ವಾಸ್ತವದಲ್ಲಿ ಶಲಾಕೆಯ, ಅಂದರೆ ಅಂಡಾಶಯದಿಂದ ಮೇಲೇಳುವ ಹೆಣ್ಣಂಗದ ಕವಲುಗಳು. ಪ್ರತಿಯೊಂದು ಕವಲೂ ತನ್ನ ಕೆಳಗಿನ ಇಳಿಎಸಳಿನ ಮೇಲೆ ಚಾವಣಿಯಂತೆ ಬಾಗಿ ಒಂದು ಸುರಂಗವನ್ನು ರೂಪಿಸುತ್ತದೆ. ಆ ಸುರಂಗದೊಳಗೆ, ಕವಲಿನ ಅಡಿಗೆ ಅಂಟಿಕೊಂಡಂತೆ, ಪರಾಗವನ್ನು ಹೊತ್ತ ಒಂದೇ ಒಂದು ಕೇಸರ ಇರುತ್ತದೆ. ಮಕರಂದಕ್ಕಾಗಿ ಒಳನುಗ್ಗುವ ಜೇನ್ನೊಣ ಬೇರೆ ಹೂವಿನಿಂದ ತಂದ ಪರಾಗವನ್ನು ಕವಲಿನ ತುದಿಯಲ್ಲಿರುವ ಪುಟ್ಟ ಪದರಕ್ಕೆ, ಅಂದರೆ ಶಲಾಕಾಗ್ರಕ್ಕೆ, ಸವರಿ ಒಳಹೋಗುತ್ತದೆ. ಹಿಂದಿರುಗುವಾಗ ಆ ಪದರ ಮುಚ್ಚಿಕೊಳ್ಳುವುದರಿಂದ ಅದೇ ಹೂವಿನ ಪರಾಗ ಅದಕ್ಕೆ ತಾಗುವುದು ವಿರಳ. ಕೆಲವು ಪ್ರಭೇದಗಳಲ್ಲಿ ಇಳಿಎಸಳಿನ ಮಧ್ಯದಲ್ಲಿ ದಟ್ಟ ರೋಮಗಳ ಒಂದು ಪಟ್ಟಿ ಇರುತ್ತದೆ, ಇನ್ನು ಕೆಲವುಗಳಲ್ಲಿ ಅದರ ಜಾಗದಲ್ಲಿ ಏರುಗೆರೆ ಇರುತ್ತದೆ, ಮತ್ತೆ ಕೆಲವುಗಳಲ್ಲಿ ಎರಡೂ ಇರುವುದಿಲ್ಲ. ಪ್ರಭೇದಗಳ ಗುಂಪುಗಳನ್ನು ಗುರುತಿಸುವಾಗ ಮೊದಲು ನೋಡುವ ಲಕ್ಷಣಗಳಲ್ಲಿ ಇದೂ ಒಂದು.

ಇಷ್ಟು ಸೂಕ್ಷ್ಮವಾದ ಈ ರಚನೆ ಗಿಡದಿಂದ ಕಿತ್ತ ಮೇಲೆ ಬಹಳ ಕಾಲ ಉಳಿಯುವುದಿಲ್ಲ. ಸಸ್ಯಶಾಸ್ತ್ರಜ್ಞರು ಗಿಡಗಳನ್ನು ಕಾಗದದ ನಡುವೆ ಒತ್ತಿ ಒಣಗಿಸಿ ಹರ್ಬೇರಿಯಂ ಎಂಬ ಒಣಸಸ್ಯ ಸಂಗ್ರಹದಲ್ಲಿ ಇಡುವ ಪದ್ಧತಿ ಹದಿನಾರನೆಯ ಶತಮಾನದಿಂದ ನಡೆದುಬಂದಿದೆ. ಹುಲ್ಲು, ಜರೀಗಿಡ, ಗಟ್ಟಿ ಎಲೆಯ ಮರಗಳ ರೆಂಬೆಗಳೆಲ್ಲ ಈ ಪದ್ಧತಿಗೆ ಚೆನ್ನಾಗಿ ಒಗ್ಗುತ್ತವೆ. ಐರಿಸ್ ಒಗ್ಗುವುದಿಲ್ಲ. ನೀರು ತುಂಬಿದ ಅದರ ತೆಳು ಎಸಳುಗಳು ನೆನೆದ ಕಾಗದದ ಹಾಳೆಗಳಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನೀಲಿ ನೇರಳೆಗಳು ಮಾಸುತ್ತವೆ, ಸುರಂಗ ಚಪ್ಪಟೆಯಾಗುತ್ತದೆ, ಯಾವುದು ಎಸಳು ಯಾವುದು ಶಲಾಕೆ ಎಂದು ಬಿಡಿಸಿ ಹೇಳುವುದು ಕಷ್ಟವಾಗುತ್ತದೆ. ಆದ್ದರಿಂದಲೇ ಐರಿಸ್‌ನ ಮಟ್ಟಿಗೆ ಚಿತ್ರವು ಗ್ರಂಥದ ಅಲಂಕಾರವಾಗಿ ಬರುವುದಿಲ್ಲ, ಸಾಕ್ಷ್ಯವಾಗಿ ಬರುತ್ತದೆ. ಈ ಕುಲದ ಕುರಿತ ಶಾಸ್ತ್ರಜ್ಞಾನದ ದೊಡ್ಡ ಪಾಲು ಕುಂಚ ಹಿಡಿದವರ ಕಣ್ಣಿನ ನಿಷ್ಠೆಯ ಮೇಲೆ ನಿಂತಿದೆ.

ಔಷಧಿಯ ಬೇರಿಗಾಗಿ ಬರೆದ ಚಿತ್ರಗಳು

ಐರಿಸ್‌ನ ಅತಿ ಹಳೆಯ ಚಿತ್ರಣಗಳಲ್ಲಿ ಕೆಲವು ಈಜಿಪ್ಟಿನ ಕಾರ್ನಾಕ್ ದೇವಾಲಯದಲ್ಲಿವೆ. ಕ್ರಿಸ್ತಪೂರ್ವ ಹದಿನೈದನೆಯ ಶತಮಾನದಲ್ಲಿ ಆಳಿದ ಮೂರನೆಯ ಥುಟ್ಮೋಸ್ ತನ್ನ ಸಿರಿಯಾ ದಂಡಯಾತ್ರೆಗಳಲ್ಲಿ ಕಂಡ ಹಾಗೂ ತರಿಸಿದ ಗಿಡಗಳನ್ನು ಅಲ್ಲಿನ ಗೋಡೆಗಳ ಮೇಲೆ ಉಬ್ಬುಶಿಲ್ಪದಲ್ಲಿ ಕೆತ್ತಿಸಿದನು. ವಿದ್ವಾಂಸರು ಗುರುತಿಸಿರುವಂತೆ ಅವುಗಳಲ್ಲಿ ಐರಿಸ್ ಕೂಡ ಇದೆ. ಆದರೆ ಗಿಡವನ್ನು ಗುರುತಿಸುವುದಕ್ಕೆಂದೇ, ಬರಹದ ಜೊತೆಯಲ್ಲಿ ಚಿತ್ರವನ್ನು ಇಡುವ ಪರಂಪರೆ ಬೆಳೆದದ್ದು ಔಷಧಶಾಸ್ತ್ರದ ಆಶ್ರಯದಲ್ಲಿ.

ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಔಷಧದ್ರವ್ಯಗಳ ಕುರಿತು ಐದು ಸಂಪುಟಗಳ ಗ್ರಂಥವೊಂದನ್ನು ರಚಿಸಿದನು. ಮುಂದಿನ ಒಂದೂವರೆ ಸಾವಿರ ವರ್ಷ ಯುರೋಪು ಹಾಗೂ ಪಶ್ಚಿಮ ಏಷ್ಯಾದ ವೈದ್ಯರು ಕೈಬಿಡದೆ ಬಳಸಿದ ಆ ಗ್ರಂಥದ ಮೊದಲ ಸಂಪುಟ ಆರಂಭವಾಗುವುದೇ ಐರಿಸ್‌ನಿಂದ. ಅಂದಿನವರಿಗೆ ಹೂವಿಗಿಂತ ಅದರ ಗುಪ್ತಕಾಂಡ, ಅಂದರೆ ನೆಲದಲ್ಲಿ ಅಡ್ಡಡ್ಡಲಾಗಿ ಬೆಳೆಯುವ ದಪ್ಪನೆಯ ಕಾಂಡ, ಮುಖ್ಯವಾಗಿತ್ತು. ಸಿಪ್ಪೆ ಹೆರೆದು ಒಣಗಿಸಿ ಕೆಲವು ವರ್ಷ ಇಟ್ಟರೆ ಅದಕ್ಕೆ ನವಿರಾದ ಪರಿಮಳ ಬರುತ್ತದೆ; ಕೆಮ್ಮಿನ ಔಷಧಿಯಿಂದ ಹಿಡಿದು ಸುಗಂಧ ತೈಲಗಳವರೆಗೆ ಅದರ ಬಳಕೆ ಇತ್ತು, ಸುಗಂಧದ್ರವ್ಯ ಉದ್ಯಮದಲ್ಲಿ ಇಂದಿಗೂ ಇದೆ.

ಡಯಾಸ್ಕೊರಿಡೀಸನ ಗ್ರಂಥದ ಸಚಿತ್ರ ಪ್ರತಿಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಕ್ರಿಸ್ತಶಕ 512ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅನಿಸಿಯಾ ಜೂಲಿಯಾನಾ ಎಂಬ ರಾಜವಂಶದ ಮಹಿಳೆಗಾಗಿ ಸಿದ್ಧವಾದ ಹಸ್ತಪ್ರತಿ. ಚರ್ಮದ ಹಾಳೆಗಳ ಮೇಲೆ ಸುಮಾರು ನಾನ್ನೂರು ಗಿಡಗಳ ವರ್ಣಚಿತ್ರಗಳಿರುವ ಈ ಪ್ರತಿಯಲ್ಲಿ ಐರಿಸ್ ಕೂಡ ಬೇರು, ಎಲೆ, ಹೂಗಳ ಸಮೇತ ಕಾಣಿಸಿಕೊಂಡಿದೆ. ಹದಿನಾರನೆಯ ಶತಮಾನದಲ್ಲಿ ಆಸ್ಟ್ರಿಯಾದ ರಾಯಭಾರಿಯಾಗಿ ಒಟ್ಟೊಮನ್ ಸುಲ್ತಾನನ ಆಸ್ಥಾನದಲ್ಲಿದ್ದ ಬುಸ್‌ಬೆಕ್ ಇದನ್ನು ಸುಲ್ತಾನನ ವೈದ್ಯನಾಗಿದ್ದ ಯಹೂದಿಯೊಬ್ಬನ ಮಗನ ಬಳಿ ಕಂಡು, ಇದರ ಬೆಲೆಯನ್ನು ಅರಿತು ಚಕ್ರವರ್ತಿಗೆ ಶಿಫಾರಸು ಮಾಡಿದ್ದರಿಂದ, ಹಸ್ತಪ್ರತಿ 1569ರಲ್ಲಿ ವಿಯೆನ್ನಾ ಸೇರಿತು. ಈಗ ಆಸ್ಟ್ರಿಯಾದ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಇದನ್ನು ಯುನೆಸ್ಕೊ 1997ರಲ್ಲಿ ತನ್ನ ‘ವಿಶ್ವದ ಸ್ಮೃತಿ’ ಪಟ್ಟಿಗೆ ಸೇರಿಸಿತು.

ಈ ಹಸ್ತಪ್ರತಿಯ ನಂತರದ ಶತಮಾನಗಳಲ್ಲಿ ಚಿತ್ರಕಾರರು ಬಹುಮಟ್ಟಿಗೆ ಗಿಡವನ್ನು ನೋಡುವುದನ್ನು ಬಿಟ್ಟು ಹಿಂದಿನ ಚಿತ್ರವನ್ನೇ ನೋಡಿ ಬರೆಯತೊಡಗಿದರು. ಪ್ರತಿಯಿಂದ ಪ್ರತಿ ತೆಗೆಯುತ್ತ ಹೋದಂತೆ ಇಳಿಎಸಳು, ನಿಲುಎಸಳುಗಳ ವ್ಯತ್ಯಾಸ ಕರಗಿ, ಐರಿಸ್ ಎಂದರೆ ಮೂರು ಮೊನೆಗಳ ಒಂದು ಸಂಕೇತ ಎಂಬಷ್ಟಕ್ಕೆ ಚಿತ್ರ ಇಳಿಯಿತು. ಔಷಧಿಯ ಬೇರನ್ನು ಅಂಗಡಿಯಿಂದ ಕೊಳ್ಳುವವನಿಗೆ ಅಂಥ ಚಿತ್ರದಿಂದ ತೊಂದರೆಯಾಗದಿರಬಹುದು. ಹೊಲದಲ್ಲಿ ನಿಂತು ಗಿಡವನ್ನು ಹುಡುಕುವವನಿಗೆ ಅದರಿಂದ ಪ್ರಯೋಜನವೂ ಇರಲಿಲ್ಲ.

ಬಲಿಪೀಠದಿಂದ ಅಚ್ಚಿನ ಮನೆಗೆ

ಗಿಡದ ಕಡೆಗೆ ಕಣ್ಣು ಮರಳಿದ್ದು ಮೊದಲು ವರ್ಣಚಿತ್ರಕಾರರ ಕೆಲಸದಲ್ಲಿ. ಫ್ಲಾಂಡರ್ಸ್‌ನ ಹ್ಯೂಗೊ ವಾನ್ ಡೆರ್ ಗೂಸ್ 1475ರ ಸುಮಾರಿಗೆ ಚಿತ್ರಿಸಿದ, ಈಗ ಫ್ಲಾರೆನ್ಸ್‌ನ ಉಫೀಝಿ ಸಂಗ್ರಹಾಲಯದಲ್ಲಿರುವ ಪೋರ್ಟಿನಾರಿ ಬಲಿಪೀಠಚಿತ್ರದ ಮುಂಭಾಗದಲ್ಲಿ, ಔಷಧಿ ಅಂಗಡಿಗಳಲ್ಲಿ ಬಳಸುತ್ತಿದ್ದ ಬಗೆಯ ಬಣ್ಣದ ಜಾಡಿಯೊಂದರಲ್ಲಿ ಬಿಳಿ ಮತ್ತು ನೇರಳೆ ಐರಿಸ್‌ಗಳು ಲಿಲಿಯ ಜೊತೆಯಲ್ಲಿ ನಿಂತಿವೆ. ಮೇರಿಮಾತೆಯ ದುಃಖಕ್ಕೆ ಸಂಕೇತವಾಗಿ ಬಂದ ಹೂಗಳಾದರೂ ಅವುಗಳನ್ನು ಜೀವಂತ ಹೂವನ್ನು ಎದುರಿಗಿಟ್ಟುಕೊಂಡೇ ಬರೆದಂತಿದೆ. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಹದಿನಾರನೆಯ ಶತಮಾನದ ಆರಂಭದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಬ್ರೆಮೆನ್ ಕಲಾಸಂಗ್ರಹಾಲಯದಲ್ಲಿರುವ ಅವನ ಜಲವರ್ಣ ಚಿತ್ರದಲ್ಲಿ ಯಾವ ಕಥೆಯೂ ಇಲ್ಲ, ಸಂತರೂ ಇಲ್ಲ. ಸುಮಾರು ಮುಕ್ಕಾಲು ಮೀಟರ್ ಎತ್ತರದ, ಹೆಚ್ಚುಕಡಿಮೆ ನೈಜ ಅಳತೆಯ ಒಂಟಿ ಐರಿಸ್ ದಂಟು ಮಾತ್ರ ಖಾಲಿ ಹಿನ್ನೆಲೆಯ ಮುಂದೆ ನಿಂತಿದೆ. ಮುಂದೆ ಸಸ್ಯಚಿತ್ರದ ಸ್ಥಿರ ರೂಢಿಯಾದ ಬಿಳಿ ಹಿನ್ನೆಲೆ, ನೈಜ ಅಳತೆ, ಒಂದೇ ಗಿಡ ಎಂಬ ಮೂರೂ ಲಕ್ಷಣಗಳು ಈ ಹಾಳೆಯಲ್ಲಿ ಆಗಲೇ ಇವೆ.

ಮುದ್ರಣ ಕಲೆ ಈ ನೋಟವನ್ನು ಗ್ರಂಥಗಳಿಗೆ ತಂದಿತು. ಆಟೊ ಬ್ರುನ್‌ಫೆಲ್ಸ್ 1530ರಿಂದ ಸ್ಟ್ರಾಸ್‌ಬರ್ಗ್‌ನಲ್ಲಿ ಪ್ರಕಟಿಸತೊಡಗಿದ ಸಸ್ಯಗ್ರಂಥಕ್ಕೆ ಹಾನ್ಸ್ ವೈಡಿಟ್ಸ್ ಎಂಬ ಕಲಾವಿದ, ಬಾಡಿದ ಎಲೆ, ಮುರಿದ ದಂಟುಗಳನ್ನೂ ಬಿಡದೆ, ಎದುರಿಗಿದ್ದ ಗಿಡವನ್ನು ಹಾಗೆಯೇ ಬರೆದುಕೊಟ್ಟನು. ಲಿಯೊನ್‌ಹಾರ್ಟ್ ಫುಕ್ಸ್ 1542ರಲ್ಲಿ ಬಾಸೆಲ್‌ನಿಂದ ಹೊರತಂದ ಗ್ರಂಥದ ನಿಲುವು ಬೇರೆ. ಐನೂರಕ್ಕೂ ಹೆಚ್ಚು ಚಿತ್ರಗಳಿರುವ ಆ ಗ್ರಂಥದಲ್ಲಿ ಒಂದು ನಿರ್ದಿಷ್ಟ ಗಿಡದ ಕುಂದುಗಳಿಗೆ ಜಾಗವಿಲ್ಲ. ಆ ಪ್ರಭೇದದ ಎಲ್ಲ ಗಿಡಗಳಿಗೂ ಸಮಾನವಾದ ಲಕ್ಷಣಗಳನ್ನು, ಬೇಕಾದರೆ ಹೂವು ಕಾಯಿಗಳನ್ನು ಒಂದೇ ದಂಟಿನಲ್ಲಿ ಕೂಡಿಸಿಯಾದರೂ, ತೋರಿಸಬೇಕು ಎಂಬುದು ಫುಕ್ಸ್‌ನ ಅಪೇಕ್ಷೆಯಾಗಿತ್ತು. ಚಿತ್ರ ಬರೆದ ಆಲ್ಬ್ರೆಕ್ಟ್ ಮೇಯರ್, ಅದನ್ನು ಮರದ ಹಲಗೆಯ ಮೇಲೆ ಮೂಡಿಸಿದ ಹೈನ್‌ರಿಕ್ ಫ್ಯೂಲ್‌ಮಾವ್ರರ್, ಹಲಗೆಯನ್ನು ಕೆತ್ತಿದ ಫೈಟ್ ರುಡಾಲ್ಫ್ ಸ್ಪೆಕ್ಲೆ ಈ ಮೂವರ ಭಾವಚಿತ್ರಗಳನ್ನೂ ಗ್ರಂಥದಲ್ಲಿ ಅಚ್ಚು ಹಾಕಿಸಿ ಫುಕ್ಸ್ ತೋರಿದ ಗೌರವ ಸಸ್ಯಗ್ರಂಥಗಳ ಇತಿಹಾಸದಲ್ಲಿ ಅಪರೂಪದ್ದು.

ಮರದ ಅಚ್ಚಿಗೆ ಮಿತಿಯೂ ಇತ್ತು. ಅಚ್ಚಿನಲ್ಲಿ ಗೆರೆಯ ಸುತ್ತಲಿನ ಮರವನ್ನು ಕೆತ್ತಿ ತೆಗೆದು ಗೆರೆಯನ್ನು ಎತ್ತರಕ್ಕೆ ಉಳಿಸಬೇಕಾದ್ದರಿಂದ ಅದು ಒಂದು ಮಟ್ಟಕ್ಕಿಂತ ನವಿರಾಗಲಾರದು. ಕತ್ತಿಯಂತಹ ಎಲೆಗಳನ್ನೂ ಗಂಟುಗಂಟಾದ ಗುಪ್ತಕಾಂಡವನ್ನೂ ದಪ್ಪ ಗೆರೆಗಳು ಚೆನ್ನಾಗಿಯೇ ಹಿಡಿಯುತ್ತವೆ. ಎಸಳಿನ ಮೇಲಿನ ಜಾಲದಂಥ ನರಗಳು, ಬೆಳಕು ಹಾಯುವ ತೆಳುವು, ರೋಮಪಟ್ಟಿ ಇವು ಅದರ ಕೈಗೆ ಸಿಗುವುದಿಲ್ಲ.

ಶೋಕದ ಐರಿಸ್ ಮತ್ತು ತಾಮ್ರದ ಫಲಕ

ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಒಟ್ಟೊಮನ್ ಸಾಮ್ರಾಜ್ಯದ ತೋಟಗಳಿಂದ ಟ್ಯುಲಿಪ್, ಹಯಸಿಂತ್‌ಗಳ ಜೊತೆಗೆ ಹೊಸಹೊಸ ಐರಿಸ್‌ಗಳು ವಿಯೆನ್ನಾ, ಆಂಟ್‌ವರ್ಪ್, ಲೈಡನ್‌ಗಳತ್ತ ಹರಿದುಬಂದವು. ಈ ಹರಿವಿನ ನಡುವೆ ನಿಂತವನು ಕ್ಲೂಸಿಯಸ್ ಎಂದು ಹೆಸರಾದ ಸಸ್ಯಶಾಸ್ತ್ರಜ್ಞ. ವಿಯೆನ್ನಾದಲ್ಲಿ ಚಕ್ರವರ್ತಿಯ ತೋಟವನ್ನು ನೋಡಿಕೊಂಡು, ಮುಂದೆ 1593ರಿಂದ ಲೈಡನ್ ವಿಶ್ವವಿದ್ಯಾಲಯದ ತೋಟವನ್ನು ರೂಪಿಸಿದ ಅವನು ತನ್ನ ಗ್ರಂಥಗಳಲ್ಲಿ, ಮುಖ್ಯವಾಗಿ 1601ರ ಬೃಹತ್ ಸಸ್ಯಚರಿತ್ರೆಯಲ್ಲಿ, ಅನೇಕ ಐರಿಸ್‌ಗಳನ್ನು ಸಚಿತ್ರವಾಗಿ ವಿವರಿಸಿದನು. ಗಿಡದಲ್ಲಿ ಔಷಧಗುಣವನ್ನು ಮಾತ್ರ ಹುಡುಕುತ್ತಿದ್ದ ಕಾಲ ಹಿಂದೆ ಸರಿದು, ಗಿಡವನ್ನು ಗಿಡಕ್ಕಾಗಿಯೇ ಅರಿಯುವ ಕುತೂಹಲ ಅಲ್ಲಿಂದ ಬಲವಾಯಿತು.

ಹೀಗೆ ಬಂದ ಹೂಗಳಲ್ಲಿ ಚಿತ್ರಕಾರರನ್ನು ಎಲ್ಲಕ್ಕಿಂತ ಹೆಚ್ಚು ಸೆಳೆದದ್ದು 1573ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಬಂತೆಂದು ಹೇಳಲಾಗುವ ಐರಿಸ್ ಸುಸಿಯಾನಾ. ಬೂದುಬಿಳಿಯ ಮೈಮೇಲೆ ಕಪ್ಪುನೇರಳೆಯ ನರಗಳೂ ಚುಕ್ಕೆಗಳೂ ದಟ್ಟವಾಗಿ ಹರಡಿ, ದೂರದಿಂದ ಇಡೀ ಹೂವು ಹೊಗೆಬಣ್ಣದ್ದಾಗಿ ಕಾಣುವುದರಿಂದ ಯುರೋಪಿನವರು ಇದನ್ನು ಶೋಕದ ಐರಿಸ್ ಎಂದು ಕರೆದರು. ಇದನ್ನು ಬರೆಯುವುದೆಂದರೆ ಬಣ್ಣ ತುಂಬುವುದಷ್ಟೇ ಆಗುವುದಿಲ್ಲ. ಬಣ್ಣವೆಂದು ಕಾಣುವುದು ವಾಸ್ತವದಲ್ಲಿ ನೂರಾರು ಗೆರೆಗಳ ಮೊತ್ತವಾದ್ದರಿಂದ ಒಂದೊಂದು ನರವನ್ನೂ ಎಣಿಸಿದಂತೆ ಬರೆಯಬೇಕಾಗುತ್ತದೆ.

ಈ ಅಗತ್ಯಕ್ಕೆ ತಕ್ಕ ಸಾಧನವಾಗಿ ತಾಮ್ರಫಲಕದ ಕೆತ್ತನೆ ಬಂತು. ಇದರಲ್ಲಿ ಗೆರೆಯನ್ನೇ ಲೋಹದೊಳಕ್ಕೆ ಕೊರೆದು, ಆ ಕೊರಕಲಿನಲ್ಲಿ ನಿಲ್ಲುವ ಶಾಯಿಯನ್ನು ಒದ್ದೆ ಮಾಡಿದ ಕಾಗದಕ್ಕೆ ಬಲವಾಗಿ ಒತ್ತಿ ಎತ್ತುವುದರಿಂದ ಕೂದಲೆಳೆಯಷ್ಟು ಸಣ್ಣ ಗೆರೆಯೂ ಮೂಡುತ್ತದೆ. ಈ ವಿಧಾನದ ಮೊದಲ ಮಹಾಗ್ರಂಥಗಳಲ್ಲಿ ಒಂದು, ನ್ಯೂರೆಂಬರ್ಗ್‌ನ ಔಷಧ ವ್ಯಾಪಾರಿ ಬಸಿಲಿಯಸ್ ಬೆಸ್ಲರ್ 1613ರಲ್ಲಿ ಪ್ರಕಟಿಸಿದ ಹೋರ್ಟಸ್ ಐಸ್ಟೆಟೆನ್ಸಿಸ್. ಜರ್ಮನಿಯ ಐಖ್‌ಸ್ಟೆಟ್ ಪಟ್ಟಣದ ಬಿಷಪ್ ಯೋಹಾನ್ ಕೊನ್ರಾಡ್ ಫಾನ್ ಗೆಮ್ಮಿಂಗೆನ್ ತನ್ನ ಕೋಟೆಯ ಸುತ್ತ ಬೆಳೆಸಿದ್ದ ತೋಟದ ಸಾವಿರಕ್ಕೂ ಹೆಚ್ಚು ಬಗೆಯ ಗಿಡಗಳನ್ನು 367 ಫಲಕಗಳಲ್ಲಿ, ಅವು ಹೂ ಬಿಡುವ ಋತುಗಳ ಕ್ರಮದಲ್ಲಿ ಜೋಡಿಸಿದ ಈ ಗ್ರಂಥಕ್ಕಾಗಿ, ಅರಳಿದ ಹೂಗಳನ್ನು ಪೆಟ್ಟಿಗೆಗಳಲ್ಲಿಟ್ಟು ವಾರವಾರವೂ ನ್ಯೂರೆಂಬರ್ಗ್‌ನ ಚಿತ್ರಕಾರರಿಗೆ ಕಳುಹಿಸಲಾಗುತ್ತಿತ್ತು. ದೊಡ್ಡ ಹಾಳೆಯ ತುಂಬ ನೈಜ ಅಳತೆಯಲ್ಲಿ ಹರಡಿಕೊಂಡ ಐರಿಸ್‌ಗಳಿಗೆ, ಶೋಕದ ಐರಿಸ್ ಸೇರಿದಂತೆ, ಇಲ್ಲಿ ಅನೇಕ ಪುಟಗಳು ಮೀಸಲಾಗಿವೆ. ಗ್ರಂಥ ಹೊರಬರುವ ಮುನ್ನವೇ, 1612ರಲ್ಲಿ, ಬಿಷಪ್ ತೀರಿಕೊಂಡನು, ಮೂವತ್ತು ವರ್ಷಗಳ ಯುದ್ಧದಲ್ಲಿ ತೋಟವೂ ಹಾಳಾಯಿತು, ಗ್ರಂಥ ಉಳಿಯಿತು.

ಇದೇ ಕಾಲಘಟ್ಟದಲ್ಲಿ ಫ್ಲಾರೆನ್ಸ್‌ನ ಮೆಡಿಚಿ ಪ್ರಭುಗಳ ಆಸ್ಥಾನದಲ್ಲಿ ಯಾಕೊಪೊ ಲಿಗೋಝಿ, ಅಚ್ಚಿನ ಹಂಗಿಲ್ಲದೆ, ಕಾಗದದ ಮೇಲೆ ನೇರವಾಗಿ ಐರಿಸ್‌ಗಳನ್ನು ಬರೆದನು. ಎಸಳಿನ ಅಂಚು ಬಾಡತೊಡಗಿದ ಗಳಿಗೆಯನ್ನೂ ಹಿಡಿದಿಟ್ಟ ಈ ಚಿತ್ರಗಳು ಶಾಸ್ತ್ರಕ್ಕೂ ಕಲೆಗೂ ನಡುವೆ ಗೆರೆ ಎಳೆಯುವುದು ಎಷ್ಟು ಕಷ್ಟವೆಂಬುದಕ್ಕೆ ಒಳ್ಳೆಯ ಉದಾಹರಣೆಗಳು.

ಒಂದನೆಯ ಫಲಕ, ಅಂಕಿಯಾದ ಬಣ್ಣ, ಚುಕ್ಕೆಯ ಕೆತ್ತನೆ

ಸ್ವೀಡನ್ನಿನ ಕಾರ್ಲ್ ಲಿನ್ನೇಯಸ್ 1753ರಲ್ಲಿ ಪ್ರಕಟಿಸಿದ ಸಸ್ಯಪ್ರಭೇದಗಳ ಗ್ರಂಥ, ಕೇಸರ ಮತ್ತು ಶಲಾಕೆಗಳ ಎಣಿಕೆಯ ಮೇಲೆ ಸಸ್ಯಗಳನ್ನು ವಿಂಗಡಿಸಿತು. ಮೂರು ಕೇಸರಗಳೂ ಒಂದು ಶಲಾಕೆಯೂ ಇರುವ ಐರಿಸ್ ಅದರ ಮೂರನೆಯ ವರ್ಗಕ್ಕೆ ಸೇರಿತು. ಲಿನ್ನೇಯಸ್‌ನ ವರ್ಗೀಕರಣಕ್ಕೆ ಚಿತ್ರರೂಪ ಕೊಟ್ಟ ಗಿಯೋರ್ಗ್ ಡಿಯೊನಿಸಿಯಸ್ ಏರೆಟ್‌ನಂತಹ ಕಲಾವಿದರ ಪ್ರಭಾವದಿಂದ, ಗಿಡದ ಪೂರ್ಣ ಚಿತ್ರದ ಕೆಳಗೆ ಹೂವನ್ನು ಬಿಡಿಸಿ ಕೇಸರ, ಶಲಾಕೆ, ಅಂಡಾಶಯಗಳನ್ನು ಬೇರೆಬೇರೆಯಾಗಿ ತೋರಿಸುವ ಕ್ರಮ ಬಳಕೆಗೆ ಬಂತು. ಎಸಳಿನ ವೇಷದಲ್ಲಿದ್ದ ಐರಿಸ್‌ನ ಶಲಾಕೆಗೆ ಇದರಿಂದ ಸರಿಯಾದ ನ್ಯಾಯ ದೊರೆಯಿತು.

ಲಂಡನ್ನಿನ ವಿಲಿಯಂ ಕರ್ಟಿಸ್, ನಗರದ ಸುತ್ತಲಿನ ಕಾಡುಗಿಡಗಳ ಕುರಿತ ತನ್ನ ದುಬಾರಿ ಗ್ರಂಥಕ್ಕೆ ಸಾಕಷ್ಟು ಕೊಳ್ಳುಗರು ಸಿಗದೆ ನಷ್ಟ ಅನುಭವಿಸಿದ ಬಳಿಕ, ತೋಟಗಳಲ್ಲಿ ಬೆಳೆಯುವ ವಿದೇಶಿ ಹೂಗಳಿಗಾಗಿ 1787ರಲ್ಲಿ ಸಸ್ಯಶಾಸ್ತ್ರದ ಮಾಸಪತ್ರಿಕೆಯೊಂದನ್ನು ಆರಂಭಿಸಿದನು. ತಿಂಗಳಿಗೆ ಮೂರು ಫಲಕಗಳು, ಬೆಲೆ ಒಂದು ಶಿಲಿಂಗ್. ಅದರ ಮೊಟ್ಟಮೊದಲ ಫಲಕಕ್ಕೆ ಆರಿಸಿದ್ದು ಐರಿಸ್ ಪರ್ಸಿಕಾ ಎಂಬ, ವಸಂತದ ಆರಂಭದಲ್ಲೇ ನೆಲಕ್ಕೆ ಅಂಟಿಕೊಂಡಂತೆ ಅರಳುವ, ತೆಳುನೀಲಿ ಎಸಳಿನ ತುದಿಯಲ್ಲಿ ಗಾಢ ನೇರಳೆಯ ಮಚ್ಚೆ ಹೊತ್ತ ಗಿಡ್ಡ ಐರಿಸ್. ಪತ್ರಿಕೆಯ ಪ್ರತಿಯೊಂದು ಪ್ರತಿಗೂ ಕೂಲಿಗೆ ದುಡಿಯುವ ಬಣ್ಣಗಾರರು ಕೈಯಿಂದಲೇ ಬಣ್ಣ ತುಂಬುತ್ತಿದ್ದರು. ಆ ಪದ್ಧತಿ 1948ರವರೆಗೂ ಮುಂದುವರಿಯಿತು. ಕ್ಯೂ ಸಸ್ಯೋದ್ಯಾನದ ಆಶ್ರಯದಲ್ಲಿ ಇಂದಿಗೂ ನಡೆಯುತ್ತಿರುವ ಈ ಪತ್ರಿಕೆಯಷ್ಟು ದೀರ್ಘಾಯುಷ್ಯ ಸಸ್ಯಚಿತ್ರಗಳ ಮತ್ತಾವ ನಿಯತಕಾಲಿಕಕ್ಕೂ ದೊರೆತಿಲ್ಲ.

ಬಣ್ಣದ ಪ್ರಶ್ನೆಗೆ ಅತ್ಯಂತ ವ್ಯವಸ್ಥಿತ ಉತ್ತರ ಕಂಡುಕೊಂಡವನು ಆಸ್ಟ್ರಿಯಾದ ಫರ್ಡಿನಾಂಡ್ ಬವರ್. ಆಕ್ಸ್‌ಫರ್ಡ್‌ನ ಪ್ರಾಧ್ಯಾಪಕ ಜಾನ್ ಸಿಬ್‌ಥಾರ್ಪ್ 1786ರಲ್ಲಿ ಗ್ರೀಸ್ ಮತ್ತು ಸುತ್ತಲಿನ ನಾಡುಗಳಿಗೆ ಸಸ್ಯಾನ್ವೇಷಣೆಗೆ ಹೊರಟಾಗ ಅವನ ಜೊತೆಗಿದ್ದ ಬವರ್, ದಾರಿಯಲ್ಲಿ ಬಣ್ಣ ಹಚ್ಚುತ್ತ ಕೂರುವ ಬದಲು, ಪೆನ್ಸಿಲ್ ರೇಖಾಚಿತ್ರದ ಒಂದೊಂದು ಭಾಗದ ಮೇಲೂ ಒಂದೊಂದು ಅಂಕಿಯನ್ನು ಗುರುತು ಹಾಕಿಕೊಂಡನು. ಅಂಕಿಯೊಂದಕ್ಕೆ ನಿಗದಿತ ಬಣ್ಣಛಾಯೆಯೊಂದಿತ್ತು. ಆಕ್ಸ್‌ಫರ್ಡ್‌ಗೆ ಬಂದ ಮೇಲೆ ಅಂಕಿಗಳನ್ನು ಓದಿಕೊಂಡು ಅವನು ಬರೆದ ಜಲವರ್ಣ ಚಿತ್ರಗಳಿಂದ 966 ಫಲಕಗಳ ಫ್ಲೋರಾ ಗ್ರೀಕಾ ಗ್ರಂಥ 1806ರಿಂದ 1840ರವರೆಗೆ ಹತ್ತು ಸಂಪುಟಗಳಲ್ಲಿ ಪ್ರಕಟವಾಯಿತು. ಕೆಲವೇ ಡಜನ್ ಪ್ರತಿಗಳಷ್ಟೇ ಅಚ್ಚಾದ ಆ ದುರ್ಲಭ ಗ್ರಂಥದ ಮೊದಲ ಸಂಪುಟದಲ್ಲಿ ಐರಿಸ್‌ಗಳಿವೆ. ಕಿತ್ತ ಕೆಲವೇ ಗಂಟೆಗಳಲ್ಲಿ ಮಾಸುವ ನೀಲಿಯನ್ನು ವರ್ಷಗಳ ನಂತರ ಮರಳಿ ಪಡೆಯಲು ಸಾಧ್ಯವಾದದ್ದು ನೆನಪಿನಿಂದಲ್ಲ, ಆ ಅಂಕಿಗಳಿಂದ.

ಪಿಯರ್ ಜೋಸೆಫ್ ರೆದೂತೆಯ ಸಾಧನೆ ಮತ್ತೊಂದು ಬಗೆಯದು. ಇಂದಿನ ಬೆಲ್ಜಿಯಂನಲ್ಲಿ 1759ರಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆಸಿದ ಅವನು, ಸಸ್ಯಶಾಸ್ತ್ರಜ್ಞ ಲೆರಿತಿಯೆಯಿಂದ ಹೂವನ್ನು ಬಿಡಿಸಿ ನೋಡುವುದನ್ನು ಕಲಿತು, ಮೊದಲು ರಾಣಿ ಮರಿ ಆಂತ್ವನೆತ್, ಮುಂದೆ ನೆಪೋಲಿಯನ್ನನ ಪತ್ನಿ ಜೋಸೆಫೀನ್ ಇಬ್ಬರ ಆಶ್ರಯವನ್ನೂ ಪಡೆದನು. ಅವನ ಲೆ ಲಿಲಿಯಾಸೆ 1802ರಿಂದ 1816ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂತು. ಲಿಲಿಯ ಹೆಸರಿದ್ದರೂ ಐರಿಸ್, ಅಮರಿಲ್ಲಿಸ್, ಆರ್ಕಿಡ್, ಬಾಳೆ ಮುಂತಾದ ಏಕದಳ ಸಸ್ಯಗಳಿಗೆಲ್ಲ ಅದರಲ್ಲಿ ಜಾಗವಿದೆ, ಐರಿಸ್‌ಗಳಿಗಂತೂ ಉದಾರವಾದ ಜಾಗವಿದೆ. ಒತ್ತಿ ಒಣಗಿಸಿದರೆ ರೂಪ ಕಳೆದುಕೊಳ್ಳುವ ಈ ರಸಭರಿತ ಗಿಡಗಳಿಗೆ ಚಿತ್ರವೇ ಸಂಗ್ರಹಾಲಯವಾಗಬೇಕು ಎಂಬ ತಿಳಿವಳಿಕೆ ಈ ಯೋಜನೆಯ ಹಿಂದಿತ್ತು. ಮೊದಲ ಸಂಪುಟಗಳ ವಿವರಣೆಯನ್ನು ಬರೆದವನು ಆ ಕಾಲದ ಅಗ್ರಗಣ್ಯ ಸಸ್ಯಶಾಸ್ತ್ರಜ್ಞ ದ ಕಾಂಡೋಲ್. ರೆದೂತೆ ಗೆರೆಯ ಬದಲು ಚುಕ್ಕೆಗಳನ್ನು ಕೊರೆಯುವ ಕೆತ್ತನೆಯನ್ನು ಬಳಸಿ, ಒಂದೇ ಫಲಕಕ್ಕೆ ಬೇರೆಬೇರೆ ಬಣ್ಣದ ಶಾಯಿಗಳನ್ನು ಬಟ್ಟೆಯ ಉಂಡೆಯಿಂದ ಹಚ್ಚಿ ಒಮ್ಮೆಗೇ ಅಚ್ಚು ತೆಗೆಸಿ, ಕೊನೆಗೆ ಕುಂಚದಿಂದ ತಿದ್ದಿಸಿದನು. ಕಪ್ಪು ಹೊರಗೆರೆಯೇ ಇಲ್ಲದ ಈ ಚಿತ್ರಗಳಲ್ಲಿ ಐರಿಸ್‌ನ ಎಸಳು ತನ್ನ ಬಣ್ಣದಿಂದಲೇ ಆಕಾರ ಪಡೆಯುತ್ತದೆ. ಮರದ ಅಚ್ಚಿಗೆ ನಿಲುಕದೆ ಉಳಿದಿದ್ದ ತೆಳುವು ಸುಮಾರು ಎರಡೂವರೆ ಶತಮಾನಗಳ ನಂತರ ಮುದ್ರಿತ ಪುಟಕ್ಕೆ ದಕ್ಕಿತು.

ಕಾಶ್ಮೀರ, ಕಲ್ಕತ್ತ, ಮಲಬಾರ್

ಭಾರತದಲ್ಲಿ ಐರಿಸ್‌ನ ಕಾಡುಪ್ರಭೇದಗಳು ಬಹುಮಟ್ಟಿಗೆ ಹಿಮಾಲಯಕ್ಕೆ ಸೀಮಿತವಾದವು. ಕಾಶ್ಮೀರದಲ್ಲಿ ಗೋರಿಗಳ ಮೇಲೆ ಐರಿಸ್ ನೆಡುವ ಪದ್ಧತಿ ಬಹಳ ಹಿಂದಿನಿಂದ ಇದೆ. ಬಾದಶಹ ಜಹಾಂಗೀರ 1620ರ ವಸಂತದಲ್ಲಿ ಕಾಶ್ಮೀರದಲ್ಲಿದ್ದಾಗ ಅಲ್ಲಿನ ಹೂಗಳಿಗೆ ಮನಸೋತು, ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರನಿಂದ ನೂರಕ್ಕೂ ಹೆಚ್ಚು ಹೂಗಳ ಚಿತ್ರಗಳನ್ನು ಬರೆಸಿದ ಸಂಗತಿ ಅವನ ಆತ್ಮಕಥನದಲ್ಲಿ ದಾಖಲಾಗಿದೆ. ಅವುಗಳಲ್ಲಿ ಉಳಿದುಬಂದವು ಬೆರಳೆಣಿಕೆಯಷ್ಟು ಮಾತ್ರ. ಯುರೋಪಿನ ಸಸ್ಯಗ್ರಂಥಗಳ ಮುದ್ರಿತ ಚಿತ್ರಗಳೂ ಆಗ ಮೊಗಲ್ ಆಸ್ಥಾನವನ್ನು ತಲುಪಿದ್ದವು. ಬಿಳಿ ಹಿನ್ನೆಲೆಯ ಮುಂದೆ ಒಂಟಿ ಗಿಡವನ್ನು ನಿಲ್ಲಿಸುವ ಮಾದರಿಯನ್ನು ಮೊಗಲ್ ಚಿತ್ರಕಾರರು ಅವುಗಳಿಂದ ಸ್ವೀಕರಿಸಿ ತಮ್ಮದೇ ಲಯಕ್ಕೆ ಒಗ್ಗಿಸಿಕೊಂಡರು. ಷಹಜಹಾನನ ಕಾಲಕ್ಕೆ ಅದೇ ಮಾದರಿ ಕಾಗದದಿಂದ ಕಲ್ಲಿಗೆ ದಾಟಿತು. ತಾಜಮಹಲಿನ ಗೋಡೆಗಳ ಕೆಳಭಾಗದ ಅಮೃತಶಿಲೆಯ ಫಲಕಗಳಲ್ಲಿ ಉಬ್ಬಿ ನಿಂತಿರುವ ಹೂಗಿಡಗಳಲ್ಲಿ ಐರಿಸ್‌ನ ಇಳಿಎಸಳು, ನಿಲುಎಸಳುಗಳನ್ನು ಸುಲಭವಾಗಿ ಗುರುತಿಸಬಹುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಹಿಮಾಲಯದ ಐರಿಸ್‌ಗಳು ಆಧುನಿಕ ಸಸ್ಯಶಾಸ್ತ್ರಕ್ಕೆ ಪರಿಚಯವಾದದ್ದೂ ಭಾರತೀಯ ಕಲಾವಿದರ ಕೈಯಿಂದಲೇ. ಕಲ್ಕತ್ತದ ಸಸ್ಯೋದ್ಯಾನದ ಮುಖ್ಯಸ್ಥನಾಗಿದ್ದ ನಥಾನಿಯಲ್ ವಾಲಿಕ್, ಏಷ್ಯಾದ ಅಪರೂಪದ ಸಸ್ಯಗಳ ಕುರಿತ ತನ್ನ ಮೂರು ಸಂಪುಟಗಳ ಗ್ರಂಥದಲ್ಲಿ ನೇಪಾಳದ ಐರಿಸ್ ಡೆಕೋರಾವನ್ನು ಹೆಸರಿಸಿ ವಿವರಿಸಿದನು. ಲಂಡನ್ನಿನಲ್ಲಿ 1832ರ ವೇಳೆಗೆ ಮುಗಿದ ಈ ಗ್ರಂಥದ 295 ಫಲಕಗಳಲ್ಲಿ ಬಹುಪಾಲು ಕಲ್ಕತ್ತದ ಉದ್ಯಾನದಲ್ಲಿ ದುಡಿಯುತ್ತಿದ್ದ ವಿಷ್ಣುಪ್ರಸಾದ್, ಗೋರಾಚಂದ್ ಮೊದಲಾದವರ ಚಿತ್ರಗಳನ್ನು ಆಧರಿಸಿದವು. ಫಲಕಗಳ ಅಂಚಿನಲ್ಲಿ ಅವರ ಹೆಸರುಗಳೂ ಅಚ್ಚಾಗಿವೆ. ಎಲ್ಲರಿಗೂ ಆ ಮನ್ನಣೆ ಸಿಗಲಿಲ್ಲ. ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್ 1845ರಿಂದ 1847ರ ಅವಧಿಯಲ್ಲಿ ಮರಾಠಿ ಕಲಾವಿದನೊಬ್ಬನನ್ನು ನೇಮಿಸಿಕೊಂಡು ದಿನಕ್ಕೊಂದರಂತೆ ಮಲೆನಾಡಿನ ಗಿಡಗಳ ಚಿತ್ರ ಬರೆಸಿದನು. ಎಡಿನ್‌ಬರ್ಗ್‌ನ ಸಸ್ಯೋದ್ಯಾನದಲ್ಲಿ ಆ ಚಿತ್ರಗಳು ಭದ್ರವಾಗಿವೆ, ಬರೆದವನ ಹೆಸರು ಉಳಿದಿಲ್ಲ.

ಚಿತ್ರ ಮತ್ತು ಹೆಸರುಗಳ ಸಂಬಂಧ ಎಷ್ಟು ಆಳವಾದದ್ದೆಂಬುದಕ್ಕೆ ನಮ್ಮ ಪಶ್ಚಿಮ ಕರಾವಳಿಯ ಒಂದು ಗಿಡದ ಚರಿತ್ರೆ ಸಾಕ್ಷಿ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್, ಇಟ್ಟಿ ಅಚ್ಯುತನ್ ಎಂಬ ನಾಟಿವೈದ್ಯನ ಹಾಗೂ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವಿದ್ವಾಂಸರ ನೆರವಿನಿಂದ ಸಿದ್ಧಪಡಿಸಿದ ಹೋರ್ಟಸ್ ಮಲಬಾರಿಕಸ್ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮ್‌ನಲ್ಲಿ ಹನ್ನೆರಡು ಸಂಪುಟಗಳಲ್ಲಿ ಅಚ್ಚಾಯಿತು. ಅದರ ಹನ್ನೊಂದನೆಯ ಸಂಪುಟದಲ್ಲಿ, ಎಲೆಗಳು ಬೀಸಣಿಗೆಯಾಗಿ ಹರಡುವ, ಕಿತ್ತಳೆ ಎಸಳುಗಳ ಮೇಲೆ ಕೆಂಪು ಚುಕ್ಕೆಗಳಿರುವ ತೋಟದ ಗಿಡವೊಂದು ಬೆಲಂಕಂಡ ಎಂಬ ಸ್ಥಳೀಯ ಹೆಸರಿನಲ್ಲಿ ಬಂದಿದೆ. ಲಿನ್ನೇಯಸ್ 1753ರಲ್ಲಿ ಇದೇ ಗಿಡವನ್ನು ಎರಡು ಬೇರೆಬೇರೆ ಹೆಸರುಗಳಲ್ಲಿ ದಾಖಲಿಸಿದನು, ಅದೂ ಒಂದು ಕಡೆ ಆರ್ಕಿಡ್‌ಗಳ ಜೊತೆಯಲ್ಲಿ. ಫ್ರಾನ್ಸಿನ ಆದಾನ್ಸನ್ 1763ರಲ್ಲಿ ಮಲಬಾರಿನ ಹೆಸರನ್ನೇ ಕುಲದ ಹೆಸರಾಗಿ ಬಳಸಿದನು. ಆರೂ ಎಸಳುಗಳು ಒಂದೇ ತೆರನಾಗಿರುವ, ಶಲಾಕೆ ಎಸಳಿನಂತೆ ಅಗಲವಾಗದ ಈ ಗಿಡವನ್ನು ಐರಿಸ್ ಎಂದು ಯಾರೂ ಒಪ್ಪದಿದ್ದ ಕಾಲ ಬಹಳ ದೀರ್ಘವಾದದ್ದು. ಆದರೆ ವಂಶವಾಹಿಗಳ ಅಧ್ಯಯನವು ಇದು ಐರಿಸ್‌ಗಳ ನಡುವೆಯೇ ಹುಟ್ಟಿಬಂದ ಕವಲೆಂದು ತೋರಿಸಿದ ಮೇಲೆ, 2005ರಲ್ಲಿ ಗೋಲ್ಡ್‌ಬ್ಲಾಟ್ ಮತ್ತು ಮ್ಯಾಬರ್ಲಿ ಇದಕ್ಕೆ ಐರಿಸ್ ಡೊಮೆಸ್ಟಿಕಾ ಎಂಬ ಹೆಸರನ್ನು ಕೊಟ್ಟರು. ದಕ್ಷಿಣ ಭಾರತದ ತೋಟದ ಐರಿಸ್ ಒಂದರ ಚಿತ್ರ ಹೀಗೆ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ, ಐರಿಸ್ ಎಂಬ ಹೆಸರಿಲ್ಲದೆಯೇ, ಗ್ರಂಥಾಲಯಗಳಲ್ಲಿತ್ತು.

ಕುಂಚದ ಋಣ

ಐರಿಸ್ ಕುಲದ ಆಧುನಿಕ ಅಧ್ಯಯನಕ್ಕೆ ತಳಹದಿ ಹಾಕಿದ ಗ್ರಂಥ 1913ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಬಂತು. ಅದರ ಕರ್ತೃ ವಿಲಿಯಂ ರಿಕಟ್ಸನ್ ಡೈಕ್ಸ್ ಇಂಗ್ಲೆಂಡಿನ ಚಾರ್ಟರ್‌ಹೌಸ್ ಶಾಲೆಯ ಅಧ್ಯಾಪಕ. ಶರೀರಶಾಸ್ತ್ರಜ್ಞನಾಗಿದ್ದೂ ಐರಿಸ್‌ಗಳನ್ನು ಸಂಗ್ರಹಿಸಿ ಸಂಕರಗೊಳಿಸಿದ್ದ ಸರ್ ಮೈಕೆಲ್ ಫಾಸ್ಟರ್ ಬಿಟ್ಟುಹೋದ ಟಿಪ್ಪಣಿಗಳನ್ನು ಆಧಾರವಾಗಿಟ್ಟುಕೊಂಡು, ಡೈಕ್ಸ್ ಬೇರೆಬೇರೆ ದೇಶಗಳಿಂದ ಬೀಜ, ಗೆಡ್ಡೆಗಳನ್ನು ತರಿಸಿ ತಾನೇ ಬೆಳೆಸಿ, ಜೀವಂತ ಹೂವನ್ನು ನೋಡಿ ವಿವರಣೆ ಬರೆದನು. ಅದೇ ಶಾಲೆಯ ಚಿತ್ರಕಲಾ ಶಿಕ್ಷಕ ಎಫ್. ಎಚ್. ರೌಂಡ್ ಆ ಗಿಡಗಳನ್ನೇ ಎದುರಿಗಿಟ್ಟುಕೊಂಡು ಬಹುಪಾಲು ವರ್ಣಚಿತ್ರಗಳನ್ನು ಬರೆದನು. ಛಾಯಾಗ್ರಹಣ ಆಗಲೇ ಬಳಕೆಯಲ್ಲಿದ್ದರೂ ಕುಂಚವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸ್ಪಷ್ಟ. ಕ್ಯಾಮೆರಾ ಒಂದು ಕ್ಷಣದಲ್ಲಿ ಒಂದು ಹೂವನ್ನು ದಾಖಲಿಸುತ್ತದೆ. ಚಿತ್ರಕಾರ ಹತ್ತು ಹೂಗಳನ್ನು ನೋಡಿ, ಬಾಗಿ ಮುಚ್ಚಿದ ಕವಲಿನ ಅಡಿಯಲ್ಲಿರುವುದನ್ನೂ ಅರಿತು, ಗುರುತಿಸುವುದಕ್ಕೆ ಬೇಕಾದ ಲಕ್ಷಣ ಮರೆಯಾಗದಂತೆ ಬರೆಯುತ್ತಾನೆ. ಫುಕ್ಸ್ ತನ್ನ ಕಲಾವಿದರಿಂದ ಅಪೇಕ್ಷಿಸಿದ್ದೂ ಇದನ್ನೇ.

ಚಿತ್ರವೂ ಸಾಕ್ಷ್ಯವೆಂಬ ಸತ್ಯವನ್ನು ಸಸ್ಯನಾಮಕರಣದ ಅಂತರರಾಷ್ಟ್ರೀಯ ನಿಯಮಾವಳಿಯೂ ಮಾನ್ಯ ಮಾಡಿದೆ. ಪ್ರತಿಯೊಂದು ಪ್ರಭೇದದ ಹೆಸರಿಗೂ ಒಂದು ಆಧಾರಮಾದರಿ, ಅಂದರೆ ಆ ಹೆಸರು ಯಾವುದಕ್ಕೆ ಸಲ್ಲುತ್ತದೆಂದು ತೀರ್ಮಾನಿಸುವ ಶಾಶ್ವತ ಸಾಕ್ಷಿ ಇರಬೇಕು. ಸಾಮಾನ್ಯವಾಗಿ ಅದು ಒಣಗಿಸಿದ ಗಿಡ. ಆದರೆ 2007ರ ಜನವರಿ 1ಕ್ಕೆ ಮುಂಚೆ ಪ್ರಕಟವಾದ ಹೆಸರುಗಳಿಗೆ ಚಿತ್ರವೇ ಆಧಾರಮಾದರಿಯಾಗಿ ನಿಲ್ಲಬಹುದು. ಗಿಡ ಕಾಡಿನಿಂದ ಕಣ್ಮರೆಯಾದಾಗ ಈ ಸಾಕ್ಷಿಯ ಬೆಲೆ ಇನ್ನೂ ಹೆಚ್ಚುತ್ತದೆ. ಒಂದು ಕಾಲಕ್ಕೆ ಯುರೋಪಿನ ಚಿತ್ರಕಾರರೆಲ್ಲ ಬರೆದ ಶೋಕದ ಐರಿಸ್ ಇಂದು ತೋಟಗಳಲ್ಲಿ ಮಾತ್ರ ಖಚಿತವಾಗಿ ಉಳಿದಿದೆ.

ರೆದೂತೆಯ ಸಂಪುಟಗಳೂ ಕರ್ಟಿಸ್‌ನ ಪತ್ರಿಕೆಯ ಹಳೆಯ ಸಂಚಿಕೆಗಳೂ ಈಗ ಜೀವವೈವಿಧ್ಯ ಪರಂಪರೆಯ ಅಂತರಜಾಲ ಗ್ರಂಥಾಲಯದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿವೆ. ಅವುಗಳ ಪ್ರತಿಗಳು ಕ್ಯಾಲೆಂಡರು, ಶುಭಾಶಯ ಪತ್ರ, ಗೋಡೆಯ ಚೌಕಟ್ಟುಗಳಲ್ಲಿ ಹೆಚ್ಚಾಗಿ ಕಾಣಸಿಗುತ್ತವೆ; ಚಿತ್ರದ ಕೆಳಗೆ ಗಿಡದ ಹೆಸರಿರುತ್ತದೆ, ಬರೆದವರ ಹೆಸರಿರುವುದಿಲ್ಲ. ಶಿವಮೊಗ್ಗದ ಆ ಅನಾಮಿಕ ಕಲಾವಿದನಿಗೆ ಈಗ ನ್ಯಾಯ ಸಲ್ಲಿಸುವುದು ಸಾಧ್ಯವಿಲ್ಲದಿರಬಹುದು, ಆದರೆ ವಿಷ್ಣುಪ್ರಸಾದ್, ಗೋರಾಚಂದ್‌ರಂತೆ ಹೆಸರು ಉಳಿದವರಿಗೆ ಸಲ್ಲಿಸಬಹುದು. ಸಸ್ಯಚಿತ್ರವನ್ನು ಅಚ್ಚು ಹಾಕುವ ಪ್ರಕಾಶಕರು, ಪ್ರದರ್ಶಿಸುವ ಸಂಗ್ರಹಾಲಯಗಳು, ಪಾಠಕ್ಕೆ ಬಳಸುವ ಶಾಲೆ ಕಾಲೇಜುಗಳು, ಗಿಡದ ಹೆಸರಿನ ಪಕ್ಕದಲ್ಲಿಯೇ ಚಿತ್ರಕಾರರ ಹೆಸರನ್ನೂ ಬರೆಯುವುದನ್ನು ಕಡ್ಡಾಯ ಪದ್ಧತಿಯಾಗಿ ಮಾಡಿಕೊಳ್ಳಬೇಕು.